ಎರಡು ಪರದೆಗಳ ನಡುವಿನ ಹತ್ತು ಅಡಿ

ಹರಿಹರ ಮೊದಲ ದಿನ ಲ್ಯಾಬಿನ ಬಾಗಿಲಲ್ಲಿ ನಿಂತಾಗ ಜಲಜಾಕ್ಷಿ ಅವನನ್ನು ಎಲೆಕ್ಟ್ರಿಷಿಯನ್ ಎಂದುಕೊಂಡು, ಮೇಲೆ ಕಿರುಗುಟ್ಟುತ್ತಿದ್ದ ಫ್ಯಾನನ್ನು ತೋರಿಸಿದಳು. ಅವನು ಮಾತಾಡದೆ ಸ್ಟೂಲು ಹತ್ತಿ ಎಣ್ಣೆ ಬಿಟ್ಟು ಇಳಿದ. ಕೈ ಒರೆಸಿಕೊಂಡ ಮೇಲೆ ತನ್ನ ಹೆಸರು ಹೇಳಿದ. ಗುಂಡಿನ ವೇಗ ಅಳೆಯುವ ಹೊಸ ಯಂತ್ರವನ್ನು ಕಟ್ಟಿ ತಂದವನು ಅವನೇ ಎಂದು ತಿಳಿದಾಗ ಅವಳ ಮುಖ ಕಿವಿಯವರೆಗೆ ಕೆಂಪಾಯಿತು.

“ಇನ್ನು ಸದ್ದು ಮಾಡಲ್ಲ, ಮೇಡಂ,” ಎಂದ. ತುಟಿ ನಗಲಿಲ್ಲ, ಕಣ್ಣುಗಳು ನಕ್ಕವು.

ಅದು 1964ರ ಅಕ್ಟೋಬರ್. ಮದರಾಸಿನಿಂದ ಆವಡಿಯ ಕಡೆಗೆ ರೈಲಿನಲ್ಲಿ ಹೋದರೆ, ಬಯಲಿನ ನಡುವೆ ಒಂದು ಸಣ್ಣ ಸರ್ಕಾರಿ ಲ್ಯಾಬು. ಸೈನ್ಯಕ್ಕೆ ಹೋಗುವ ತೋಟಾಗಳಲ್ಲಿ ಕೆಲವನ್ನು ಆರಿಸಿ ಹಾರಿಸಿ, ಗುಂಡು ಸೆಕೆಂಡಿಗೆ ಎಷ್ಟು ಅಡಿ ಓಡುತ್ತದೆಂದು ನೋಡುವುದು ಅಲ್ಲಿಯ ಕೆಲಸ. ಮದ್ದು ಕೆಟ್ಟಿದ್ದರೆ ಗುಂಡು ನಿಧಾನವಾಗುತ್ತದೆ, ಗುರಿಗಿಂತ ಕೆಳಗೆ ಬೀಳುತ್ತದೆ. ಹಾಗೆ ಬಿದ್ದರೆ ಏನಾಗುತ್ತದೆಂದು ಲ್ಯಾಬಿನಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಲ್ಲಿ ಬಂದೂಕು ಹಾರಿಸುತ್ತಿದ್ದ ನಿವೃತ್ತ ಹವಾಲ್ದಾರ್ ಮೋನಪ್ಪನ ಒಬ್ಬನೇ ಮಗ ಗಡಿಯಲ್ಲಿದ್ದ.

ಜಲಜಾಕ್ಷಿ ಟಿ. ನಗರದ ಉಡುಪಿ ಹೋಟೆಲೊಂದರ ಅಡಿಗೆ ಭಟ್ಟರ ಮಗಳು. ಇಪ್ಪತ್ತೇಳು ವರ್ಷ. ಫಿಸಿಕ್ಸ್ ಓದಿ ಈ ಲ್ಯಾಬಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಇಡೀ ಲ್ಯಾಬಿಗೆ ಅವಳೊಬ್ಬಳೇ ಹೆಣ್ಣು. ಒಂದು ಅಂಕಿ ತಪ್ಪಿದರೂ ಹತ್ತು ಜನ ನೋಡುತ್ತಾರೆಂದು ಗೊತ್ತಿದ್ದರಿಂದ ಅವಳು ತಪ್ಪುತ್ತಲೇ ಇರಲಿಲ್ಲ.

ಅಲ್ಲಿದ್ದದ್ದು ಬ್ರಿಟಿಷರ ಕಾಲದ ಯಂತ್ರ. ಗುಂಡು ಒಂದು ತಂತಿ ಕಡಿದರೆ ಕಬ್ಬಿಣದ ಸರಳೊಂದು ಬೀಳುತ್ತಿತ್ತು, ಎರಡನೇ ತಂತಿ ಕಡಿದರೆ ಆ ಸರಳಿನ ಮೇಲೆ ಗೀರು ಬೀಳುತ್ತಿತ್ತು. ಗೀರು ಅಳೆದು ವೇಗ ಲೆಕ್ಕ ಹಾಕಬೇಕು. ನಂಬಿಕೆಯ ಯಂತ್ರವೇ, ಆದರೆ ದಿನಕ್ಕೆ ಎಂಟು ಗುಂಡು ನೋಡಿದರೆ ಹೆಚ್ಚು. ವಿದೇಶದ ಎಲೆಕ್ಟ್ರಾನಿಕ್ ಯಂತ್ರ ತರಿಸಲು ಲೈಸೆನ್ಸ್ ಸಿಗುವಷ್ಟರಲ್ಲಿ ಎರಡು ವರ್ಷ. ಮೂರನೆಯ ದಾರಿ ಹರಿಹರ. ರೈಲ್ವೆಯ ಟೆಲಿಗ್ರಾಫ್ ವಿಭಾಗದಲ್ಲಿ ಕೆಲಸ ಕಲಿತು, ಪೆರಂಬೂರಿನ ತನ್ನ ಮನೆಯ ವೆರಾಂಡದಲ್ಲೇ ರೇಡಿಯೋ ವಾಲ್ವುಗಳನ್ನು ಜೋಡಿಸಿ ಸೆಕೆಂಡನ್ನು ಲಕ್ಷ ತುಂಡು ಮಾಡಿ ಎಣಿಸುವ ಪೆಟ್ಟಿಗೆ ಕಟ್ಟಿದ್ದ. ಹಳೆಯದರ ಪಕ್ಕದಲ್ಲಿ ಇದನ್ನಿಟ್ಟು ಎರಡು ತಿಂಗಳು ಪರೀಕ್ಷಿಸಿ ವರದಿ ಕೊಡಬೇಕೆಂದು ಮುಖ್ಯಾಧಿಕಾರಿ ಭೋಜರಾಜರು ಜಲಜಾಕ್ಷಿಗೆ ಹೇಳಿದರು.

ಹೊಸ ಯಂತ್ರಕ್ಕೆಂದು ಎರಡು ಮರದ ಚೌಕಟ್ಟುಗಳು ಬಂದವು. ಅವಳು ಸಣ್ಣ ತಾಮ್ರದ ತಂತಿಯನ್ನು ಅವುಗಳ ಮೇಲೆ ಸಾಲಾಗಿ ಸುತ್ತಿ ಪರದೆ ಮಾಡಿದಳು. ಎರಡರ ನಡುವೆ ಹತ್ತು ಅಡಿ, ಸ್ಟೀಲ್ ಟೇಪಿನಲ್ಲಿ ಮೂರು ಸಲ ಅಳೆದದ್ದು. ಮೊದಲ ಪರದೆ ಕಡಿದು ಕರೆಂಟು ನಿಂತಾಗ ಎಣಿಕೆ ಶುರು, ಎರಡನೆಯದು ಕಡಿದಾಗ ನಿಲ್ಲುವುದು. ಮೋನಪ್ಪ ಹಾರಿಸಿದ ಮೊದಲ ಗುಂಡಿಗೆ ಪೆಟ್ಟಿಗೆಯ ಕೆಂಪು ದೀಪಗಳು ನಾನೂರ ಹತ್ತಕ್ಕೆ ನಿಂತವು. ಸೆಕೆಂಡಿಗೆ ಎರಡು ಸಾವಿರದ ನಾನೂರ ನಲವತ್ತು ಅಡಿ ಎಂದರ್ಥ. ಹಳೆಯ ಯಂತ್ರದ ಗೀರೂ ಅದನ್ನೇ ಹೇಳಿತು. ಹರಿಹರ ಕನ್ನಡಕ ತೆಗೆದು ಒರೆಸಿಕೊಂಡ.

ಪ್ರತಿ ಗುಂಡಿಗೂ ಪರದೆ ಹರಿಯುತ್ತಿತ್ತು, ಪ್ರತಿ ಸಲವೂ ಅವಳು ಹೊಸ ತಂತಿ ಹಾಕುತ್ತಿದ್ದಳು. ಅವನು ತಂತಿಯ ಉರುಳೆ ಹಿಡಿದು ಎದುರು ಕೂರುತ್ತಿದ್ದ. ಅವನ ಅಜ್ಜನೇ ಮೈಸೂರು ಬಿಟ್ಟು ಬಂದವರು, ಹಾಗಾಗಿ ಅವನ ಕನ್ನಡದ ತುಂಬ ತಮಿಳು. ಒಮ್ಮೆ ವಾಲ್ವು ಬಿಸಿಯಾಗುವ ಮೊದಲೇ ಅವಳು ಮೋನಪ್ಪನಿಗೆ ಸನ್ನೆ ಮಾಡಹೋದಾಗ ಹರಿಹರ ತಡೆದ.

“ಸ್ವಲ್ಪ ಪೊರುತ್ಕೊಳ್ಳಿ.”

“ಪೊರುತ್ಕೊಳ್ಳಿ ಅಂದ್ರೆ ಎಂತ? ಕನ್ನಡದಲ್ಲಿ ಅದಕ್ಕೆ ತಾಳಿ ಅಂತ ಹೇಳ್ಬೇಕು.”

“ತಾಳಿ,” ಎಂದ ಅವನು, ಪಾಠ ಒಪ್ಪಿಸುವ ಹಾಗೆ, ನೇರ ಅವಳ ಮುಖ ನೋಡಿ.

ಆ ಪದಕ್ಕೆ ಇನ್ನೊಂದು ಅರ್ಥವಿದೆಯೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವಳು ತಟ್ಟನೆ ತಂತಿಯ ಕಡೆ ಬಾಗಿದಳು. ಆ ದಿನ ರೈಲಿನಲ್ಲಿ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದಳಾದರೂ ಒಂದು ಸ್ಟೇಷನ್ನೂ ನೆನಪಿನಲ್ಲಿ ಉಳಿಯಲಿಲ್ಲ.

ನವೆಂಬರಿನಲ್ಲಿ ಮಳೆ ಹಿಡಿಯಿತು. ಅದರ ಜೊತೆಗೇ ಪೆಟ್ಟಿಗೆ ತಪ್ಪು ಹೇಳತೊಡಗಿತು. ಒಂದು ಗುಂಡಿಗೆ ನಾನೂರ ಹತ್ತು, ಅದೇ ಬ್ಯಾಚಿನ ಮುಂದಿನ ಗುಂಡಿಗೆ ನಾನೂರ ಹದಿನೇಳು. ತನ್ನದೇ ಬೇರೆ ತಂತಿಗಳಿದ್ದ ಬ್ರಿಟಿಷರ ಯಂತ್ರ ಮಾತ್ರ ಕದಲಲಿಲ್ಲ. ಹರಿಹರ ವಾಲ್ವುಗಳನ್ನೆಲ್ಲ ಬದಲಿಸಿದ, ಊಟ ಬಿಟ್ಟು ಕೂತ, ತಪ್ಪು ಸಿಗಲಿಲ್ಲ. ಕೊನೆಗೆ, ಪರದೆಗಳನ್ನೂ ಒಮ್ಮೆ ಬಿಚ್ಚಿ ನೋಡೋಣವೇ ಎಂದು ಮೆಲ್ಲನೆ ಕೇಳಿದ.

“ಪರದೆ ನಾನೇ ಸುತ್ತಿದ್ದು. ಅದರಲ್ಲಿ ತಪ್ಪಿಲ್ಲ,” ಎಂದಳು ಅವಳು. ತನ್ನ ದನಿ ಅಷ್ಟು ಬಿರುಸಾಗಿದ್ದು ಅವಳಿಗೇ ಕೇಳಿಸಿತು.

ಅವನು ಮತ್ತೆ ಕೇಳಲಿಲ್ಲ. ಇದಾದ ನಾಲ್ಕನೇ ದಿನ, ಯಂತ್ರ ನಂಬಲು ತಕ್ಕದ್ದಲ್ಲ ಎಂದು ಅವಳು ವರದಿ ಬರೆದಳು. ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಆದರೆ ಅಂಕಿಗಳು ಹೇಳಿದ್ದು ಅದನ್ನೇ, ಮನಸ್ಸು ಯಾರ ಕಡೆಗಿದೆಯೆಂದು ನೋಡಿ ಅಂಕಿ ತಿದ್ದುವವಳಲ್ಲ ಅವಳು. ಹರಿಹರ ಪರದೆಗಳಿಗೆ ಹೋಗುವ ತನ್ನ ವೈರುಗಳನ್ನು ಬಿಚ್ಚಿ ಸುತ್ತಿಟ್ಟ. ಪೆಟ್ಟಿಗೆಯನ್ನು ಆಮೇಲೆ ಒಯ್ಯುತ್ತೇನೆಂದು ಹೇಳಿ, ಮಳೆಯಲ್ಲೇ ಸ್ಟೇಷನ್ನಿನ ಕಡೆ ನಡೆದ.

ಹೊಸ ವರ್ಷದ ಮೊದಲ ವಾರ ಆ ಜಾಗ ಖಾಲಿ ಮಾಡಬೇಕಾಗಿ ಬಂತು. ಪರದೆಗಳನ್ನು ಎತ್ತಿಡಲು ಹೋದಾಗ ಎರಡನೆಯ ಚೌಕಟ್ಟಿನ ಕೆಳಗಿನ ಮೂಲೆ ಅವಳ ಕೈಯಲ್ಲೇ ಅಲುಗಾಡಿತು. ಮಳೆಯ ತೇವಕ್ಕೆ ಮರ ಉಬ್ಬಿ ಕೀಲು ಬಿಟ್ಟಿತ್ತು. ತಂತಿಗಳು ಜೋತು ಒಂದಕ್ಕೊಂದು ತಾಗಿದ್ದವು. ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಗುಂಡು ಒಂದೆಳೆ ಕಡಿದರೂ ಪಕ್ಕದ ಎಳೆ ತಾಗಿಕೊಂಡೇ ಇತ್ತು. ಗುಂಡಿನ ತಾಮ್ರದ ಮೈ ಪೂರ್ತಿ ದಾಟುವವರೆಗೆ ಕರೆಂಟು ನಿಂತಿರಲಿಲ್ಲ, ಎಣಿಕೆಯೂ ನಿಂತಿರಲಿಲ್ಲ. ಪೆಟ್ಟಿಗೆ ಸರಿಯಾಗಿಯೇ ಎಣಿಸಿತ್ತು.

ಮೋನಪ್ಪ ಒಣಗಿದ ತೇಗದಲ್ಲಿ ಹೊಸ ಚೌಕಟ್ಟು ಮಾಡಿಕೊಟ್ಟ. ಹತ್ತು ಗುಂಡು ಹಾರಿಸಿದರು. ಹತ್ತೂ ಹಳೆಯ ಯಂತ್ರಕ್ಕೆ ಸರಿಯಾಗಿ ಹೊಂದಿದವು. ತಪ್ಪು ತನ್ನ ಪರದೆಯದು, ಯಂತ್ರದ್ದಲ್ಲ ಎಂದು ಜಲಜಾಕ್ಷಿ ಎರಡನೇ ವರದಿ ಬರೆದು ಭೋಜರಾಜರ ಮುಂದಿಟ್ಟಳು. ಇದು ನಿನ್ನ ಸರ್ವಿಸ್ ಪುಸ್ತಕಕ್ಕೆ ಹೋಗುತ್ತದೆ, ಈ ವರ್ಷದ ಪ್ರಮೋಷನ್ ಮರೆಯಬೇಕಾಗುತ್ತದೆ ಎಂದು ಅವರು ಬೇಸರದಿಂದಲೇ ಹೇಳಿದರು. ಅವಳು ಸಹಿ ಹಾಕಿದಳು. ವರದಿಯ ಒಂದು ಪ್ರತಿ ಚೀಲದಲ್ಲಿಟ್ಟುಕೊಂಡು ಮಧ್ಯಾಹ್ನವೇ ಪೆರಂಬೂರಿಗೆ ಹೊರಟಳು.

ಬಾಗಿಲು ತೆರೆದವರು ಹರಿಹರನ ತಾಯಿ ಅಮ್ಮಣ್ಣಿ. ಹುಡುಗಿ ಯಾರೆಂದು ಕೇಳದೆ ಒಳಗೆ ಕೂರಿಸಿದರು. ಮಗ ಹಡಗಿನಲ್ಲಿ ರೇಡಿಯೋ ಆಪರೇಟರ್ ಆಗಿ ಸೇರಿದ್ದಾನೆ, ಇನ್ನು ಆರು ದಿನಕ್ಕೆ ಹೊರಡುತ್ತಾನೆ ಎನ್ನುತ್ತ ಕಾಫಿ ಬೆರೆಸಲು ಹೋದರು. ಹರಿಹರ ಬಂದು ಅವಳನ್ನು ಕಂಡು ಹೊಸಿಲಲ್ಲೇ ನಿಂತ.

ಅವಳು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅವನ ಮುಖದಲ್ಲಿ ಆಶ್ಚರ್ಯವೇ ಕಾಣಲಿಲ್ಲ.

“ನಿಮಗೆ ಗೊತ್ತಿತ್ತು,” ಎಂದಳು.

“ಕೊನೇ ದಿನ ವೈರ್ ಬಿಚ್ಚುವಾಗ ನೋಡ್ದೆ. ಮೂಲೆ ಲೂಸ್ ಆಗಿತ್ತು.”

“ಹೇಳಲಿಲ್ಲ ಯಾಕೆ?”

“ನಿಮ್ಮ ಹೆಸರು ಕೆಡೋದು ಬೇಡ ಅನ್ನಿಸ್ತು. ನನಗಾದ್ರೆ ಇನ್ನೊಂದು ಕೆಲಸ ಸಿಗುತ್ತೆ.”

ತನಗಾಗಿ ಒಬ್ಬ ಇಷ್ಟು ಬಿಟ್ಟುಕೊಟ್ಟನೆಂದು ಅವಳ ಕಣ್ಣು ತುಂಬಬಹುದಿತ್ತು. ಬಂದದ್ದು ಸಿಟ್ಟು.

“ಹಳೇ ಯಂತ್ರದಲ್ಲಿ ದಿನಕ್ಕೆ ಎಂಟೇ ಗುಂಡು. ಈ ಆರು ವಾರ ಎಷ್ಟು ಪೆಟ್ಟಿಗೆ ತೋಟಾ ಸರಿಯಾಗಿ ನೋಡದೆ ಗಡಿಗೆ ಹೋಯ್ತು, ಲೆಕ್ಕ ಉಂಟಾ ನಿಮಗೆ? ಮೋನಪ್ಪಣ್ಣನ ಮಗ ಅಲ್ಲಿದ್ದಾನೆ. ನನ್ನ ಹೆಸರು ಅವನಿಗಿಂತ ದೊಡ್ಡದಾ?”

ಹರಿಹರ ತಲೆ ತಗ್ಗಿಸಿದ. ತಪ್ಪಾಯಿತೆಂದ. ಅಷ್ಟು ದೂರ ಯೋಚಿಸಲಿಲ್ಲವೆಂದ. ಆಮೇಲೆ ತೀರ ಸಣ್ಣ ದನಿಯಲ್ಲಿ, “ನಿಮ್ಮನ್ನ ಇಷ್ಟಪಟ್ಟುಬಿಟ್ಟಿದ್ದೆ. ಅದಕ್ಕೇ ಬಾಯಿ ಬರಲಿಲ್ಲ,” ಎಂದ.

“ಇಷ್ಟ ಇದ್ರೆ ಹೇಳ್ಬೇಕಿತ್ತು. ನನ್ನ ತಪ್ಪನ್ನು ನನಗೆ ಹೇಳದವರ ಜೊತೆ ನಾನು ಹೇಗೆ ಬದುಕುದು?”

ಹೇಳಿದ ಮೇಲೆ, ತಾನು ಏನು ಹೇಳಿದೆನೆಂದು ಅವಳಿಗೆ ತಿಳಿಯಿತು. ಕಾಫಿ ಲೋಟ ಹಿಡಿದು ಬಂದ ಅಮ್ಮಣ್ಣಿ ಅಲ್ಲೇ ನಿಂತು, ಸದ್ದಾಗದಂತೆ ಅಡಿಗೆಮನೆಗೆ ಹಿಂದಿರುಗಿದರು.

ಹರಿಹರ ಕೈ ಚಾಚಿ ವರದಿಯನ್ನು ಕೇಳಿ ತೆಗೆದುಕೊಂಡ. ನಿಧಾನವಾಗಿ, ಬೆರಳಿಟ್ಟು ಓದಿದ.

“ಇಲ್ಲಿ ಇನ್ನೊಂದು ತಪ್ಪಿದೆ,” ಎಂದ. “ನೀವು ತಂತಿ ತೀರಾ ಒತ್ತಾಗಿ ಸುತ್ತುತ್ತೀರಿ. ತೇಗದ ಮರ ಆದ್ರೂ ಮುಂದಿನ ಮಳೆಗೆ ಮತ್ತೆ ತಾಗುತ್ತೆ. ಕಾಲಿಂಚು ಬಿಡಬೇಕು.”

ಅವಳು ಚೀಲದಿಂದ ಪೆನ್ನು ತೆಗೆದು ಕೊಟ್ಟಳು. “ಬರೀರಿ.”

ಅವನು ಬರೆದ. ಪಕ್ಕದಲ್ಲಿ ಕುಳಿತು ಅವಳು ಅವನ ಅಕ್ಷರ ನೋಡಿದಳು. ಆಗ ಅವಳ ಕಣ್ಣು ತುಂಬಿತು.

ಹಡಗಿನ ಕಂಪನಿಗೆ ಸಹಿ ಹಾಕಿಯಾಗಿತ್ತು, ಹಿಂದೆ ಸರಿಯುವಂತಿರಲಿಲ್ಲ. ಉಳಿದ ಆರು ದಿನ ಇಬ್ಬರೂ ಲ್ಯಾಬಿನಲ್ಲೇ ಕಳೆದರು. ಇನ್ನೂರು ಗುಂಡು ಅಳೆದರು, ಯಂತ್ರ ಒಪ್ಪಿಗೆಯಾಯಿತು. ನೋಡದೆ ಹೋಗಿದ್ದ ಬ್ಯಾಚುಗಳ ಪಟ್ಟಿ ಮಾಡಿ, ಮತ್ತೆ ಪರೀಕ್ಷೆಗೆ ತರಿಸಬೇಕೆಂದು ಭೋಜರಾಜರಿಂದ ಕಾಗದ ಬರೆಸಿದರು. ಅವುಗಳಲ್ಲಿ ಒಂದು ಬ್ಯಾಚು ಕೆಟ್ಟಿತ್ತು. ಅದು ಯಾರ ಬಂದೂಕಿಗೂ ಸೇರುವ ಮೊದಲು ವಾಪಸು ಬಂತು. ಆ ಸುದ್ದಿಯನ್ನು ಜಲಜಾಕ್ಷಿ ತನ್ನ ಮೊದಲ ಪತ್ರದಲ್ಲೇ ಹಡಗಿಗೆ ಬರೆದಳು.

ಹನ್ನೊಂದು ತಿಂಗಳು ಪತ್ರಗಳು ಹೋದವು, ಬಂದವು. ಅವಳ ತಂದೆ ಮೊದಲು ಜಾತಿ ಎಂದರು, ಆಮೇಲೆ ಹಡಗಿನ ಕೆಲಸ ಎಂದರು, ಕೊನೆಗೆ ಅಮ್ಮಣ್ಣಿ ಬಂದು ಕೂತು ಮಾತಾಡಿ ಹೋದ ಮೇಲೆ ಸುಮ್ಮನಾದರು. ಸೆಪ್ಟೆಂಬರಿನಲ್ಲಿ ಯುದ್ಧ ಬಂತು. ಮೋನಪ್ಪನ ಮಗ ಕಾಲಿಗೆ ಗಾಯವಾಗಿ, ಜೀವಂತ ಮನೆಗೆ ಬಂದ.

ಡಿಸೆಂಬರಿನ ಒಂದು ಬೆಳಗ್ಗೆ ಹಡಗು ಮದರಾಸಿಗೆ ತಲುಪಿತು. ಜಲಜಾಕ್ಷಿಗೆ ಬಂದರಿಗೆ ಹೋಗಲಾಗಲಿಲ್ಲ, ಅಂದು ಮೂರು ಬ್ಯಾಚು ನೋಡುವುದಿತ್ತು. ಹರಿಹರನೇ ಟ್ರಂಕು ಹೊತ್ತು ನೇರ ಆವಡಿಗೆ ಬಂದ. ಗುಂಡು ಹಾರುತ್ತಿರುವಾಗ ಯಾರೂ ಒಳಗೆ ಬರಬಾರದೆಂದು ಗೇಟಿನ ಮೇಲೆ ಕೆಂಪು ಬಾವುಟ ಏರಿಸಿದ್ದರು. ಅವನು ಬಿಸಿಲಲ್ಲಿ ಒಂದು ಗಂಟೆ ನಿಂತ.

ಕೊನೆಯ ಗುಂಡು ಅಳೆದು ಅಂಕಿ ಬರೆದಿಟ್ಟ ಮೇಲೆಯೇ ಜಲಜಾಕ್ಷಿ ತಲೆ ಎತ್ತಿದ್ದು. ಬಾವುಟ ಇಳಿಯಿತು. ಗೇಟಿನಲ್ಲಿದ್ದ ಹೊಸ ಕಾವಲುಗಾರ ಓಡಿ ಬಂದು, ಹೊರಗೊಬ್ಬರು ನಿಂತಿದ್ದಾರೆ, ಹೆಸರು ಕೇಳಿದರೆ ನಿಮ್ಮನ್ನು ಕೇಳಲು ಹೇಳುತ್ತಾರೆ, ಯಾರಮ್ಮಾ ಅವರು ಎಂದು ತಮಿಳಿನಲ್ಲಿ ಕೇಳಿದ.

ಅವಳು ಗೇಟಿನ ಕಡೆ ನೋಡಿದಳು.

“ನಮ್ಮವರು,” ಎಂದಳು. “ಒಳಗೆ ಬಿಡು.”