ಒಂದೇ ಕೀಬೋರ್ಡಿನ ಮೇಜು

"ನನ್ನ ಗಂಡ ಟೈಪ್ ಮಾಡ್ತಿದಾನೆ," ಎಂದಳು ಪೈ-ಜೂ. ಆ ಗಂಡ ಏಪ್ರಿಲ್‌ನಲ್ಲೇ ಬೂದಿಯಾಗಿದ್ದ. ಈಗ ಆಗಸ್ಟ್, ಸತ್ತವರು ಮರಳಿ ಬರುತ್ತಾರೆನ್ನುವ ದೆವ್ವಗಳ ತಿಂಗಳು. ವಾನ್‌ಹುವಾದ ಬೀದಿಯುದ್ದಕ್ಕೂ ಸತ್ತವರಿಗೆಂದು ಸುಟ್ಟ ಕಾಗದದ ಹೊಗೆ.

ವಠಾರದ ಬಾಗಿಲಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಕಾವಲಿನ ತಿಯೆನ್ ಅಜ್ಜಿ ತಲೆಯೆತ್ತಿದಳು. ಆ ಬೀದಿಯ ಮೂರು ಕಳವು, ಒಂದು ವಿಷದ ಪ್ರಕರಣ ಬಿಡಿಸಿದವಳು ಅವಳು. ಪಕ್ಕದಲ್ಲಿ ನಿಂತಿದ್ದ ರಿಪೇರಿ ಅಂಗಡಿಯ ಅ-ಖೈಗೆ ಮೈಯೆಲ್ಲ ಉರಿಯಿತು. ಆ ಗಂಡಹೆಂಡತಿಯ ಕಂಪ್ಯೂಟರ್ ಮೇಜನ್ನು ಜೋಡಿಸಿಕೊಟ್ಟವನು ಅವನೇ.

ಇಬ್ಬರೂ ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಜೋಡಿಸುತ್ತಿದ್ದವರು. ಗಂಡ ತ್ಸುಂಗ್-ಹಾನ್‌ಗೆ ದೊಡ್ಡ ಕಂಪ್ಯೂಟರ್, ಪೈ-ಜೂಗೆ ಲ್ಯಾಪ್‌ಟಾಪ್. ಎರಡು ಪರದೆ, ಎರಡು ಕೀಬೋರ್ಡು, ಚಹಾ ಲೋಟ ಇಡಲೂ ಜಾಗವಿರಲಿಲ್ಲ. ಅ-ಖೈ ಎಲ್ಲ ಕಿತ್ತು ಒಂದು ಪರದೆ, ಒಂದು ಕೀಬೋರ್ಡು, ನಡುವೆ ಒಂದು ಸ್ವಿಚ್ ಡಬ್ಬಿ ಉಳಿಸಿದ್ದ. ಗುಂಡಿ ಒತ್ತಿದರೆ ಅವಳ ಯಂತ್ರ, ಮತ್ತೊತ್ತಿದರೆ ಅವನದು. ತ್ಸುಂಗ್-ಹಾನ್‌ನ ಹಳೆಯ ವೈರಿಲ್ಲದ ಕೀಬೋರ್ಡನ್ನು ಪೆಟ್ಟಿಗೆಗೆ ತುಂಬಿ ಕಪಾಟಿನ ಮೇಲಿಟ್ಟಿದ್ದ.

"ಗುರುವಾರ ಅವನ ಕಡೆಗೆ ಗುಂಡಿ ಒತ್ತಿದೆ. ಪರದೆ ಮೇಲೆ ತಾನಾಗೇ ಅಕ್ಷರ ಬೀಳ್ತಿತ್ತು, ತಲೆಬುಡ ಇಲ್ಲದ್ದು. ಕಿರುಚಿಬಿಟ್ಟೆ. ನಿನ್ನೆ ನೋಡಿದ್ರೆ, 'ಪೈ-ಜೂ, ಹೋಗಬೇಡ' ಅಂತ. ಸೋಮವಾರ ದೂರದ ತೈನಾನ್‌ನಲ್ಲಿ ಕೆಲಸಕ್ಕೆ ಸೇರಬೇಕು, ಅಜ್ಜೀ. ಇನ್ನು ಹೇಗೆ ಹೋಗ್ಲಿ?"

ಮೂವರೂ ಮೇಲೆ ಹೋದರು. ಅ-ಖೈ ಮೊದಲು ಮೇಜಿನ ಕೀಬೋರ್ಡಿನ ವೈರು ಕಿತ್ತೆಸೆದ. "ಈಗ ಬರೀಲಿ ನೋಡೋಣ!"

ಪರದೆಯ ಮೇಲೆ ಒಂದು ಅಕ್ಷರ ಮೂಡಿತು. ಉಸಿರು ಎಳೆದುಕೊಂಡ ಹಾಗೆ ಒಂದು ಬಿಡುವು. ಮತ್ತೊಂದು. 'ಒಬ್ಬನನ್ನೇ ಬಿಟ್ಟು ಹೋಗಬೇಡ.' ಅ-ಖೈ ಕಿತ್ತ ವೈರನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದ.

ಅಜ್ಜಿ ಪರದೆ ನೋಡಲಿಲ್ಲ. ದೊಡ್ಡ ಕಂಪ್ಯೂಟರಿನ ಮೇಲಿದ್ದ ಕೊಬ್ಬರಿ ತಿಂಡಿಯ ಹಸಿರು ಪೊಟ್ಟಣ ಎತ್ತಿಕೊಂಡಳು. ಯಂತ್ರ ತಂಟೆ ಮಾಡದಿರಲೆಂದು ಆ ಊರಲ್ಲಿ ಎಲ್ಲರೂ ಇಡುವಂಥದ್ದೇ. "ತಯಾರಾಗಿದ್ದು ಜುಲೈನಲ್ಲಿ. ನೀನಿಟ್ಟೆಯೇನೇ?"

"ಮುಟ್ಟೇ ಇಲ್ಲ. ಅದೆಲ್ಲ ಅವನ ಹುಚ್ಚು."

ಪಕ್ಕದ ಕೋಣೆ ತ್ಸುಂಗ್-ಹಾನ್‌ನ ಅಕ್ಕ ಸು-ಮಿಯೆನ್‌ಳದು. ಐವತ್ತು ದಾಟಿದ್ದಳು, ಮದುವೆಯಾಗಿರಲಿಲ್ಲ. ಮೂವರೂ ಒಳಗೆ ಬಂದದ್ದು ಕಂಡು ಮಂಡಿ ಹಿಡಿದುಕೊಂಡು ಎದ್ದಳು, ಕುಂಟುತ್ತ ಹೋಗಿ ಟಿವಿಯ ಗುಂಡಿ ಒತ್ತಿ ಆರಿಸಿದಳು. ರಿಮೋಟು ಹಾಸಿಗೆಯ ಮೇಲೇ ಬಿದ್ದಿತ್ತು.

"ತಮ್ಮ ಹೋದ ಮೇಲೆ ಆ ಕೋಣೆಗೆ ಕಾಲೇ ಇಟ್ಟಿಲ್ಲ ನಾನು," ಎಂದಳು. "ಕೆಳಗಿನ ಮನೆ ಪಾನ್‌ನ ಕೇಳಿ, ಈ ಮನೆ ಮೇಲೆ ಅವನ ಕಣ್ಣಿದೆ. ಇಲ್ಲಾ ಈ ವೈರು ಎಳೆಯೋ ಮಹಾರಾಯನ್ನ ಕೇಳಿ."

"ನಾಲಿಗೆ ಬಿಗಿಹಿಡೀರಿ!" ಎಂದು ಅ-ಖೈ ಗುಡುಗಿದ.

"ನೀನೂ ಬಾಯಿ ಮುಚ್ಚು. ಪಾನ್‌ನ ಕರ್ಕೊಂಡು ಬಾ," ಎಂದಳು ಅಜ್ಜಿ.

ಐವರೂ ಮೇಜಿನ ಸುತ್ತ ಸೇರಿದರು. ಪಾನ್ ಬೆವರೊರೆಸಿಕೊಂಡ. "ಅಜ್ಜೀ, ದೇವರಾಣೆ ನಾನಲ್ಲ."

"ಗೊತ್ತು ಕಣೋ. ಮನೆ ಖಾಲಿಯಾದ್ರೆ ನಿನಗೇ ಲಾಭ. 'ಹೋಗಬೇಡ' ಅಂತ ನೀನ್ಯಾಕೆ ಬರೀತೀಯ?" ಅಜ್ಜಿ ಅ-ಖೈ ಕಡೆ ತಿರುಗಿದಳು. "ಮೇಜಿನ ಕೀಬೋರ್ಡು ಕಿತ್ತರೂ ಅಕ್ಷರ ಬಂತು. ಅಂದ್ರೆ ಇನ್ನೊಂದು ಕೀಬೋರ್ಡು ಇದೆ. ಅವನ ಯಂತ್ರದ ಹಿಂದೆ ಕೈ ಹಾಕು."

ಅ-ಖೈನ ಬೆರಳಿಗೆ ಉಗುರಿನಷ್ಟು ಚಿಕ್ಕ ತುಂಡೊಂದು ತಾಗಿತು. ಹಳೆಯ ವೈರಿಲ್ಲದ ಕೀಬೋರ್ಡಿನ ಸಂಕೇತ ಹಿಡಿಯುವ ರಿಸೀವರು. ಮೇಜಿನ ಮುಂಭಾಗ ಒಪ್ಪ ಮಾಡಿ, ಹಿಂಭಾಗ ಮರೆತಿದ್ದ. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

"ಆ ಕೀಬೋರ್ಡಿಗೆ ಸೆಲ್ಲು ಬೇಕು," ಎಂದಳು ಅಜ್ಜಿ. "ಮಂಡಿನೋವಿನ ಹೆಂಗಸು ರಿಮೋಟು ಬಿಟ್ಟು ಟಿವಿ ತನಕ ಯಾಕೆ ನಡೀತಾಳೆ? ಅದರಲ್ಲಿ ಸೆಲ್ಲಿಲ್ಲ. ಅವನು ಹೋಗಿದ್ದು ಏಪ್ರಿಲ್‌ನಲ್ಲಿ, ಪೊಟ್ಟಣ ಜುಲೈದು. ಅದನ್ನ ಬದಲಾಯಿಸಿದವರಿಗೆ ಈ ಯಂತ್ರ ಕೆಡಬಾರದಾಗಿತ್ತು. ಈ ಮನೇಲಿರೋದು ಇಬ್ಬರೇ. ಒಬ್ಬಳು ಹೆದರಿ ಸಾಯ್ತಿದಾಳೆ. ತಂದಿಡು, ಸು-ಮಿಯೆನ್."

ಸು-ಮಿಯೆನ್ ದಿಂಬಿನಡಿಯಿಂದ ಕೀಬೋರ್ಡು ತಂದಳು. "ಆಟ ಆಡಿಸ್ಬೇಕು ಅಂತ ತಗೊಂಡಿದ್ದಲ್ಲ. ಅವನ ಬೆರಳು ಸವೆಸಿದ ಕೀಲಿಗಳು, ಸುಮ್ನೆ ತಡವ್ತಿದ್ದೆ. ಗೋಡೆಯಾಚೆ ನೀನು ಕಿರುಚಿದೆ. ಒತ್ತಿದ್ದೆಲ್ಲ ಇಲ್ಲಿ ಪರದೆ ಮೇಲೆ ಬೀಳುತ್ತೆ ಅಂತ ಆಗ ತಿಳೀತು. ಸೆಲ್ಲು ಮುಗಿದಾಗ ರಿಮೋಟಿಂದು ಹಾಕಿದೆ. ಆಮೇಲಿಂದೆಲ್ಲ ಬೇಕಂತಲೇ." ಕೀಬೋರ್ಡನ್ನು ಮೇಜಿನ ಮೇಲಿಟ್ಟಳು. "ಮದುವೆಯಾಗದವಳು ಸತ್ತರೆ ಅವಳ ಹೆಸರು ಯಾರ ಮನೆ ಹಿರಿಯರ ಪೂಜಾಪೀಠದಲ್ಲೂ ಇರಲ್ಲ ಕಣೇ. ನೀನೂ ಹೋದ್ರೆ ಎಡೆ ಇಡೋರಿಲ್ಲದ ದೆವ್ವ ನಾನೇ."

ಪೈ-ಜೂ ಸಿಟ್ಟಿನಿಂದ ಅವಳತ್ತ ತಿರುಗಿದಳು. "ಸತ್ತವನ ಬಾಯಲ್ಲಿ ಮಾತಾಡಿದ್ರಲ್ಲ, ಅತ್ತಿಗೆ! ಅನ್ನ ಗಂಟಲಲ್ಲಿ ಇಳೀಲಿಲ್ಲ ನನಗೆ." ಆ ಕೀಬೋರ್ಡನ್ನು ಅವಳ ಮುಂದಕ್ಕೆ ತಳ್ಳಿದಳು. "ಬರೀರಿ. ಈ ಸಲ ನಿಮ್ಮ ಹೆಸರಲ್ಲಿ."

ಸು-ಮಿಯೆನ್‌ಳ ಬೆರಳು ಒಂದೊಂದೇ ಕೀಲಿ ಹುಡುಕಿತು. 'ನನ್ನನ್ನೂ ಕರೆದುಕೊಂಡು ಹೋಗು. ಸು-ಮಿಯೆನ್.'

ಪೈ-ಜೂ ಆ ಸಾಲನ್ನು ಎರಡು ಸಲ ಓದಿದಳು.

"ತೈನಾನ್‌ನಲ್ಲಿ ಸಿಕ್ಕಿರೋದು ಒಂದೇ ಕೋಣೆ, ಅತ್ತಿಗೆ," ಎಂದಳು. "ನಡುವೆ ಗೋಡೆ ಇರಲ್ಲ. ಹೇಳೋದೇನಿದ್ರೂ ನನ್ನ ಮುಖಕ್ಕೇ ಹೇಳಬೇಕು."