ಒಂಬತ್ತನೇ ಮಹಡಿಯ ಕುರ್ಚಿ

"ಅಲ್ಲೇ ನಿಲ್ಲಿ! ಒಂದು ಮೆಟ್ಟಿಲೂ ಇಳೀಬೇಡಿ!"

ಇಡೀ ಆಫೀಸಿನ ಎದುರು ಹೀಗೆ ಕೂಗಿದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ಕೂಗಿದವನು ಕಟ್ಟಡಕ್ಕೆ ಹೊಸದಾಗಿ ಬಂದ ಸೇಫ್ಟಿ ಆಫೀಸರ್. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಮೊದಲ ದಿನವೇ 'ವಿಶಲ್ ಸಾರ್' ಎಂದು ಹೆಸರು ಬಿದ್ದಿತ್ತು. ಕೂಗಿಸಿಕೊಂಡವಳು ಒಂಬತ್ತನೇ ಮಹಡಿಯಲ್ಲಿ ಕೂತು ಮನೆಗಳ ನಕ್ಷೆ ಬರೆಯುವ 'ನಕ್ಷೆ ಮೇಡಂ'. ಚಿಕ್ಕಂದಿನಿಂದ ಅವಳ ಎಡಗಾಲಿಗೆ ಬಲವಿಲ್ಲ, ಕೈಯಲ್ಲೊಂದು ಊರುಗೋಲು.

ಬೆಂಕಿ ಬಿದ್ದರೆ ಹೇಗೆ ಹೊರಗೆ ಹೋಗಬೇಕು ಅಂತ ಅಭ್ಯಾಸ ನಡೆಯುತ್ತಿತ್ತು. ಲಿಫ್ಟ್ ನಿಲ್ಲಿಸಿದ್ದರು.

"ನನ್ನ ಕಾಲು, ನಾನಿಳೀತೀನಿ. ನಿಮಗೇನ್ರೀ?" ಎಂದವಳೇ ಇಳಿದಳು.

ಹದಿನೆಂಟು ನಿಮಿಷ! ಅವನು ಒಂದೇ ಮೆಟ್ಟಿಲು ಹಿಂದೆ, ಕೊನೆಯವರೆಗೂ ಬಂದ.

ತಿಂಗಳಾದ ಮೇಲೆ ಬೆಲ್ಟು, ಚಕ್ರ ಇದ್ದ ಕುರ್ಚಿಯೊಂದನ್ನು ತಂದು ಅವಳ ಮೇಜಿನ ಮುಂದೆ ನಿಲ್ಲಿಸಿದ.

"ಇದೇನ್ರೀ, ಮಗು ತಳ್ಳೋ ಗಾಡಿನಾ?"

"ಮೆಟ್ಟಿಲ ಮೇಲೆ ಜಾರ್ಕೊಂಡು ಇಳಿಯೋ ಕುರ್ಚಿ ಮೇಡಂ. ಮೂರು ಸಲ ಅರ್ಜಿ ಹಾಕಿ ತರಿಸ್ದೆ. ಅವತ್ತು ಕೂಗಿದ್ದು ತಪ್ಪಾಯ್ತು... ಕೂರೋದಾ ಬೇಡ್ವಾ, ನೀವೇ ಹೇಳಿ."

ಇಷ್ಟು ವರ್ಷದಲ್ಲಿ ಅವಳನ್ನು ಹಿಡಿದವರು, ಎತ್ತಿದವರು, ಅಯ್ಯೋ ಪಾಪ ಅಂದವರು ಬೇಕಾದಷ್ಟು ಜನ. ಕೇಳಿದವನು ಇವನೊಬ್ಬನೇ! ಅವಳು ಕೂತಳು.

ಆಮೇಲೆ ಪ್ರತಿ ಶುಕ್ರವಾರ ಮಧ್ಯಾಹ್ನ ಅಭ್ಯಾಸ. ಆರನೇ ಮಹಡಿ ಬರುವಷ್ಟರಲ್ಲಿ ಅವನಮ್ಮನ ಗೊರಕೆಯ ಕಥೆ, ಮೂರನೇ ಮಹಡಿಯಲ್ಲಿ ಅವಳ ಮನೆ ಓನರಮ್ಮನ ಜಗಳ. ನೆಲ ಬಂದಾಗ ಇಬ್ಬರಿಗೂ ಬೇಜಾರು. ಶುಕ್ರವಾರ ಹೊಸ ಬಟ್ಟೆ ಹಾಕಿಕೊಂಡು ಬರುವ ನಕ್ಷೆ ಮೇಡಂನ ನೋಡಿ ಆಫೀಸೆಲ್ಲ ಮುಸಿಮುಸಿ ನಕ್ಕಿತು. ಅವಳಿಗೆ ಮಾತ್ರ ತಾನು ಪ್ರೀತಿಯಲ್ಲಿ ಬಿದ್ದದ್ದು ಗೊತ್ತಿರಲಿಲ್ಲ.

ಗೊತ್ತಾದದ್ದು ಮೆಟ್ಟಿಲ ಬಳಿಯ ಪಟ್ಟಿ ನೋಡಿದ ದಿನ. ಅವಳ ಸಹಾಯಕ್ಕೆ ಇರುವವರು ಎಂಬಲ್ಲಿ ಅವನ ಹೆಸರು ಹೊಡೆದುಹಾಕಿ 'ಟೀ ಅಕ್ಕ' ಎಂದು ಬರೆದಿತ್ತು!

"ಇನ್ಮೇಲೆ ಅಕ್ಕ ಇಳಿಸ್ತಾರೆ ಮೇಡಂ. ಎಲ್ಲಾ ಕಲಿಸಿದೀನಿ," ಎಂದ, ಎಲ್ಲೋ ನೋಡುತ್ತ.

"ಯಾಕೆ?"

"ಕೆಲಸ ಜಾಸ್ತಿ..."

'ಸಾಕಾದೆನಾ ಇವನಿಗೆ? ನಾನೂ ಒಂದು ಭಾರವೇ ಆದೆನಾ?' ಅವಳು ಮರೆಯಲ್ಲಿ ನಿಂತು ಅತ್ತಳು.

"ಅಳ್ಬೇಡಮ್ಮ," ಎಂದಳು ಆಫೀಸಿಗೆಲ್ಲ ಟೀ ಕೊಡುವ ಅಕ್ಕ. "ನನ್ನ ತೋಳಲ್ಲಿ ಬಲ ಇಲ್ವಾ?"

"ಬಲದ ಮಾತಲ್ಲ ಅಕ್ಕಾ..."

ಮುಂದಿನ ಮಂಗಳವಾರ ಗಂಟೆ ಹೊಡೆಯಿತು. ಅಭ್ಯಾಸವಲ್ಲ, ನಿಜವಾದ ಗಂಟೆ! ಅಕ್ಕ ಬೆಲ್ಟು ಬಿಗಿದು ಸರಸರನೆ ಇಳಿಸಿದಳು. ನಾಲ್ಕನೇ ಮಹಡಿಯ ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು. ಅಲ್ಲಿ ಅವನು ಮುಖಕ್ಕೆ ಮಾಸ್ಕ್ ಏರಿಸುತ್ತಿದ್ದ. ಒಂದು ಗಳಿಗೆ ಅವಳನ್ನು ನೋಡಿದ. ನಿಲ್ಲಲಿಲ್ಲ, ಒಳಗೆ ನುಗ್ಗಿದ.

ಹೊರಗೆ ಬಯಲಿನಲ್ಲಿ ತಲೆ ಎಣಿಸಿದರು. ಮೂರು ಜನ ಕಡಿಮೆ. ನಾಲ್ಕನೇ ಮಹಡಿಯ ಪ್ರಿಂಟಿಂಗ್ ಕೋಣೆಯ ಇಬ್ಬರು... ಮತ್ತೆ ಅವನು.

ಅವಳು ಬಾಗಿಲನ್ನೇ ನೋಡುತ್ತ ಕೂತಳು. 'ಬಂದುಬಿಡೋ... ನನ್ನ ಹತ್ರ ಮಾತಾಡದಿದ್ರೂ ಪರವಾಗಿಲ್ಲ, ಬಂದುಬಿಡೋ...'

ಕೊನೆಗೂ ಬಂದ! ಇಬ್ಬರನ್ನೂ ಎರಡು ತೋಳಿಗೆ ಆನಿಸಿಕೊಂಡು, ಕೆಮ್ಮುತ್ತ, ಮುಖವೆಲ್ಲ ಮಸಿಯಾಗಿ.

ಊರುಗೋಲು ಊರಿಕೊಂಡು ಅವಳು ಎದುರು ಹೋಗಿ ನಿಂತಳು. ಬಾಯಿಗೆ ಬಂದದ್ದು ಬೈಗುಳವೇ.

"ನನ್ನ ಯಾಕ್ರೀ ಅಕ್ಕನ ಕೈಗೆ ಕೊಟ್ರಿ? ಈಗಲಾದ್ರೂ ನಿಜ ಹೇಳಿ!"

ಅವನು ಉಸಿರು ಎಳೆದುಕೊಂಡ. "ನನ್ನ ಕೈಯಲ್ಲೇ ಇಟ್ಕೊಂಡಿದ್ರೆ, ಇವತ್ತು ಗಂಟೆ ಹೊಡೆದ ತಕ್ಷಣ ಒಂಬತ್ತಕ್ಕೆ ಓಡ್ತಿದ್ದೆ. ಇವರಿಬ್ಬರು ಒಳಗೇ ಉಳೀತಿದ್ರು. ನನಗೆ ಎಲ್ಲರೂ ಒಂದೇ ಆಗಿರಬೇಕು ಮೇಡಂ, ಅದೇ ನನ್ನ ಕೆಲಸ. ಆದ್ರೆ... ನೀವು ಎಲ್ಲರ ಹಾಗಲ್ಲ ನನಗೆ."

ಅವಳ ಕಣ್ಣು ತುಂಬಿ ಹರಿಯಿತು. "ಅದನ್ನ ಆವತ್ತೇ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಧೈರ್ಯ ಬರ್ಲಿಲ್ಲ."

"ಬೆಂಕಿಗೆ ನುಗ್ಗೋಕೆ ಬರುತ್ತೆ!"

"ಅದು ಸುಲಭ," ಎಂದು ನಕ್ಕ. ನಗು ಕೆಮ್ಮಾಯಿತು. "ನನ್ನ ಮದುವೆ ಆಗ್ತೀರಾ?"

ಅವಳು ಸೆರಗಿನ ತುದಿಯಿಂದ ಅವನ ಹಣೆಯ ಮಸಿ ಒರೆಸಿದಳು. ಹೋಗಲಿಲ್ಲ, ಇನ್ನಷ್ಟು ಹರಡಿತು.

"ಮೊದಲು ಡಾಕ್ಟರಿಗೆ ತೋರಿಸ್ಕೊಳ್ಳಿ, ಮುಖ ತೊಳ್ಕೊಳ್ಳಿ. ಆಮೇಲೆ ಬಂದು ಇನ್ನೊಂದ್ಸಲ ಕೇಳಿ."

"ಆಗ ಏನಂತೀರಾ?"

"ಹೂಂ ಅಂತೀನಿ. ಬೇಗ ಬನ್ನಿ."