ಹಳ್ಳದಾಚೆ ಹೋದ ಕೆಂಡ

"ಇವತ್ತು ಲುಟ್ಸಾ ದಿನ, ಮಗಾ, ಮಾಟಗಾತಿಯರು ತಿರುಗಾಡೋ ದಿನ. ಬಾಗಿಲಿಗೆ ಯಾರೇ ಬಂದು ಏನೇ ಕೇಳಲಿ, ಕೊಡಬೇಡ. ಉಪ್ಪೂ ಬೇಡ, ಬೆಂಕಿಯೂ ಬೇಡ," ಎಂದಳು ಬೋರ್ಬಾಲಾ.

ಅಳಿಯ ಡೇನೆಶ್ ಗಡ್ಡ ಬೋಳಿಸಿಕೊಳ್ಳುತ್ತಲೇ ನಕ್ಕ. ಅವನು ಬುಡಾಪೆಸ್ಟಿನಲ್ಲಿ ಸುಂಕದ ಅಧಿಕಾರಿ. ತುಂಬು ಬಸುರಿ ಹೆಂಡತಿ ಪಿರೋಶ್ಕಾಳನ್ನು ಹೆರಿಗೆಗೆಂದು ತವರಿಗೆ ಕರೆತಂದಿದ್ದ. ತುರ್ಕರ ಕಾಲಕ್ಕಿಂತಲೂ ಹಳೆಯದಾದ ಕೋಟೆಗೋಡೆಯೊಳಗೆ ಮುದುಡಿ ಕುಳಿತ ಪಟ್ಟಣ, ಹಾರ್ಶ್‌ಕಪು. ಗೋಡೆಯ ಹಿಂದೆ ಒಂದು ಹಳ್ಳ. ಮೊದಲ ಮಹಾಯುದ್ಧ ಮುಗಿದ ಮೇಲೆ ದೇಶಗಳನ್ನು ಹಂಚಿದವರು ಆ ಹಳ್ಳವನ್ನೇ ಗಡಿ ಮಾಡಿದ್ದರು. ಅದರಾಚೆ ಆಸ್ಟ್ರಿಯಾ.

"ವರ್ಷವೆಲ್ಲಾ ಅದು ದಾಟಬಾರದು, ಇದು ದಾಟಬಾರದು ಅನ್ನೋದೇ ನನ್ನ ಕೆಲಸ, ಅತ್ತೆ. ರಜೆಯಲ್ಲೂ ಅದೇನಾ?"

ಬೋರ್ಬಾಲಾ ನಗಲಿಲ್ಲ. ಶಾಲು ಹೊದ್ದು ಇಗರ್ಜಿಗೆ ಹೋದಳು.

ಮಧ್ಯಾಹ್ನ ಹಳ್ಳದಿಂದೆದ್ದ ಮಂಜು ಗೋಡೆ ಹತ್ತಿ ಬೀದಿಗಿಳಿಯಿತು. ಒದ್ದೆ ಕಲ್ಲಿನ ವಾಸನೆ, ನೆಲಮಾಳಿಗೆಯಲ್ಲಿ ಹುಳಿಯುತ್ತಿದ್ದ ದ್ರಾಕ್ಷಾರಸದ ವಾಸನೆ ಒಂದಕ್ಕೊಂದು ಹೆಣೆದುಕೊಂಡವು. ಪಿರೋಶ್ಕಾ ಒಳಕೋಣೆಯಲ್ಲಿ ಮಲಗಿದ್ದಳು. ಆಗ ಬಾಗಿಲ ಮೇಲೆ ಬೆರಳ ಗೆಣ್ಣಿನ ಸದ್ದಾಯಿತು.

ನಿಂತಿದ್ದವಳು ರೋಜಿನಾ, ಹಳ್ಳದಾಚೆಯ ಒಂಟಿಮನೆಯ ಮುದುಕಿ. ಕೈಯಲ್ಲಿ ಮಣ್ಣಿನ ಗಡಿಗೆ. ಒಲೆ ಆರಿದೆ, ಕಡ್ಡಿಪೆಟ್ಟಿಗೆ ತಂಡಿ ಹಿಡಿದಿದೆ, ಒಂದು ಕೆಂಡ ಸಾಕು ಎಂದಳು. ಡೇನೆಶ್‌ಗೆ ಅತ್ತೆಯ ಮಾತು ನೆನಪಿತ್ತು. ನೆನಪಿದ್ದುದರಿಂದಲೇ ಅವನು ಇಕ್ಕಳ ಹಿಡಿದು, ಒಲೆಯಲ್ಲಿದ್ದ ಅತ್ಯಂತ ದೊಡ್ಡ ಕೆಂಡವನ್ನು ಆರಿಸಿ ಗಡಿಗೆಗೆ ಹಾಕಿದ.

"ಸುಂಕ ಇಲ್ಲ, ಅಜ್ಜಿ. ತಗೊಂಡ್ಹೋಗಿ."

ಮುದುಕಿ ಅವನ ಭುಜದಾಚೆ ಒಳಕೋಣೆಯ ಬಾಗಿಲನ್ನೊಮ್ಮೆ ನೋಡಿ, ಗಡಿಗೆಯ ಬಾಯಿ ಮುಚ್ಚಿ, ಮಂಜಿನೊಳಗೆ ಇಳಿದಳು.

ತುಸು ಹೊತ್ತಿನಲ್ಲಿ ಮನೆ ತಣ್ಣಗಾಯಿತು. ಡೇನೆಶ್ ಸೌದೆ ಒಟ್ಟಿದ. ಉರಿ ಎದ್ದಿತು. ಆದರೆ ಒಲೆಗೆ ಹೊದಿಸಿದ್ದ ಹಸಿರು ಪಿಂಗಾಣಿ ಬಿಲ್ಲೆಗಳು ಬಾವಿಯ ಕಲ್ಲಿನಂತೆ ಕೊರೆಯುತ್ತಿದ್ದವು. ಉರಿಯೊಳಗೆ ಬೆರಳಿಟ್ಟ. ಸುಡಲಿಲ್ಲ. ಒಲೆಯ ಮೇಲಿನ ಪಾತ್ರೆಯಲ್ಲಿ ನೀರು ಹೆಪ್ಪುಗಟ್ಟಿತ್ತು.

"ಡೇನೆಶ್," ಒಳಗಿನಿಂದ ಪಿರೋಶ್ಕಾಳ ದನಿ ಬಂತು. "ಮಗು ಅಲ್ಲಾಡ್ತಿಲ್ಲ ಕಣೋ."

ಅವಳ ಉಸಿರು ಬೆಳ್ಳಗೆ ಹೊಗೆಯಾಡುತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟ ಡೇನೆಶ್ ಅದರ ತಣ್ಪಿಗೆ ಬೆಚ್ಚಿ ಕೈ ಹಿಂದೆಗೆದ.

ಇಗರ್ಜಿಯಿಂದ ಬಂದ ಬೋರ್ಬಾಲಾ ಒಲೆಯನ್ನು ಮುಟ್ಟಿ ನೋಡಿ, "ಯಾರಿಗೆ ಕೊಟ್ಟೆ?" ಎಂದಷ್ಟೇ ಕೇಳಿದಳು. ಹೆಸರು ಕೇಳಿದೊಡನೆ ಬೆಂಚಿನ ಮೇಲೆ ಕುಸಿದಳು. ಹೋದದ್ದು ಬರಿಯ ಬೆಂಕಿಯಲ್ಲ, ಮನೆಯ ಕಾವು. ಹೊಟ್ಟೆಯೊಳಗಿನ ಕೂಸಿನ ಕಾವೂ ಅದರೊಡನೆಯೇ ಹೋಗಿದೆ. ವೈದ್ಯರಿಂದಾಗದು, ಪಾದ್ರಿಯಿಂದಾಗದು. ಕೊಟ್ಟವನೇ ಹೋಗಿ ಬರಿಗೈಯಲ್ಲಿ ಹಿಡಿದು ತರಬೇಕು. ಇಗರ್ಜಿಯ ಸಂಜೆಗಂಟೆ ಬಾರಿಸಿದ ಮೇಲೆ ಅದು ರೋಜಿನಾಳದೇ. ಇಷ್ಟನ್ನು ಬೋರ್ಬಾಲಾ ನೆಲ ನೋಡುತ್ತಾ ಹೇಳಿದಳು.

ಡೇನೆಶ್ ಓಡಿದ. ಕೋಟೆಯ ಹಿಂಬಾಗಿಲು. ಜಾರುವ ಮೆಟ್ಟಿಲು. ಮೊಣಕಾಲುದ್ದ ನೀರು. ಗಡಿಯ ಕಾವಲುಗಾರನೊಬ್ಬ ಮಂಜಿನಲ್ಲಿ ಕೂಗಿದ. ಡೇನೆಶ್ ನಿಲ್ಲಲಿಲ್ಲ.

ರೋಜಿನಾಳ ಬಾಗಿಲು ತೆರೆದೇ ಇತ್ತು. ಒಳಗಿನಿಂದ ನಡುಬೇಸಿಗೆಯ ಧಗೆ ಬಂದು ಮುಖಕ್ಕೆ ಬಡಿಯಿತು. ಹಸಿ ಬಾಣಂತಿಯ ಕೋಣೆಯಂತೆ ಹಾಲಿನ ವಾಸನೆ. ಶಾಲು ಬಿಸುಟು ಕುಳಿತಿದ್ದ ಮುದುಕಿಯ ಕೆನ್ನೆ ಹುಡುಗಿಯ ಕೆನ್ನೆಯಂತೆ ಕೆಂಪಾಗಿತ್ತು. ಒಲೆಯಲ್ಲಿ ಒಂದೇ ಕೆಂಡ. ಅದು ಉರಿಯುತ್ತಿರಲಿಲ್ಲ. ಮಿಡಿಯುತ್ತಿತ್ತು. ಸಣ್ಣಗೆ, ಬೇಗಬೇಗ.

"ಕೊಟ್ಟೋನೇ ಬಂದ್ರೆ ಇಲ್ಲ ಅನ್ನಂಗಿಲ್ಲ," ಎಂದಳು ಅವಳು. "ಆದ್ರೆ ನನ್ನ ಒಲೆ ಆರಬಾರ್ದಪ್ಪ. ಬದಲಿಗೆ ನಿನ್ನ ಕಾವು ಬಿಟ್ಟು ಹೋಗ್ತೀಯಾ?"

"ಬಿಟ್ಟೆ. ಎಷ್ಟಾದ್ರೂ ತಗೋ."

ಕೈ ಹಾಕಿದ. ಕೆಂಡ ಸುಡಲಿಲ್ಲ. ಬೆರಳ ತುದಿಯಿಂದ ಮೊಣಕೈಯವರೆಗೆ ಏನೋ ಸೋರಿಹೋಯಿತು. ಅಂಗೈಯಲ್ಲಿ ಮಿಡಿತ. ಓಡಿದ. ಹಳ್ಳ. ಮೆಟ್ಟಿಲು. ಮಿಡಿತ ನಿಧಾನವಾಯಿತು. ಎಡವಿದ. ಎದ್ದ. ಇಗರ್ಜಿಯ ಗೋಪುರದಲ್ಲಿ ಗಂಟೆಯ ಹಗ್ಗ ಕಿರುಗುಟ್ಟಿತು. ಬೀದಿ. ಬಾಗಿಲು. ಒಲೆ. ಎಸೆದ.

ಗಂಟೆ ಮೊಳಗಿತು.

ಉರಿ ಭೋರ್ಗರೆದು ಎದ್ದಿತು. ಪಾತ್ರೆಯಲ್ಲಿ ಹೆಪ್ಪುಗಟ್ಟಿದ್ದ ನೀರು ಬಿರಿಯಿತು. "ಒದೀತು, ಅಮ್ಮಾ, ಒದೀತು," ಎಂದು ಪಿರೋಶ್ಕಾ ಒಳಗೆ ಅಳತೊಡಗಿದಳು.

ಕ್ರಿಸ್ಮಸ್ಸಿಗೆ ಮುಂಚೆಯೇ ಹೆಣ್ಣುಮಗು ಹುಟ್ಟಿತು, ಗಟ್ಟಿಮುಟ್ಟಾಗಿ, ಬೀದಿಗೆಲ್ಲಾ ಕೇಳುವಂತೆ ಅಳುತ್ತಾ. ಸೂಲಗಿತ್ತಿ ಅದನ್ನು ತಂದೆಯ ಕೈಗಿಟ್ಟಳು. ಅಳು ನಿಂತಿತು. ತುಟಿ ನೀಲಿಯಾಯಿತು. ಬೋರ್ಬಾಲಾ ಕಿತ್ತುಕೊಂಡು ಎದೆಗವಚಿಕೊಂಡ ಮೇಲೆಯೇ ಕೂಸಿಗೆ ಮತ್ತೆ ಉಸಿರು ಬಂದದ್ದು. ಮುಂದೆ ಅವನು ಉಣ್ಣೆಯ ಕೈಗವಸು ತೊಟ್ಟು ನೋಡಿದ, ಕಂಬಳಿ ಸುತ್ತಿ ನೋಡಿದ. ಪ್ರತಿ ಸಲವೂ ಅದೇ ನೀಲಿ.

ಮಗು ಈಗ ನಡೆಯಲು ಕಲಿತಿದೆ. ಮನೆಯಲ್ಲಿ ಅದಕ್ಕೆ ಅಪ್ಪನೆಂದರೆ ಎಲ್ಲರಿಗಿಂತ ಹೆಚ್ಚು. ಎರಡೂ ಕೈ ಚಾಚಿಕೊಂಡು, ತೊದಲುತ್ತಾ, ನಗುತ್ತಾ ಅವನತ್ತ ಬರುತ್ತದೆ. ಡೇನೆಶ್ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟು, ಗೋಡೆ ತಾಗುವವರೆಗೂ ಹಿಂದೆ ಸರಿಯುತ್ತಾನೆ.